ಮ್ಯಾನ್ಸರ್ ವಿಮಾನದ ಎಡ ಎಂಜಿನ್

ವಿಮಾನದ ಎಂಜಿನ್ ರಿಪೇರಿ ಕಲಿಯಲು ಬರುವ ಹುಡುಗರಿಗೆ ಪ್ರತಿ ಬ್ಯಾಚ್‌ನಲ್ಲೂ ನಾನು ಎರಡನೇ ಮಹಾಯುದ್ಧದ ಬ್ರಿಟಿಷ್ ಪೈಲಟ್ ಲೆಸ್ಲಿ ಮ್ಯಾನ್ಸರ್‌ನ ಕಥೆ ಹೇಳುತ್ತೇನೆ. ಹುಟ್ಟಿದ್ದು ನಮ್ಮ ದೆಹಲಿಯಲ್ಲೇ, 1922ರ ಮೇ 11ರಂದು. ಸತ್ತಿದ್ದು 1942ರ ಮೇ 31ರ ನಸುಕಿನಲ್ಲಿ, ಬೆಲ್ಜಿಯಂನಲ್ಲಿ. ಇಪ್ಪತ್ತು ತುಂಬಿ ಮೂರು ವಾರವೂ ಆಗಿರಲಿಲ್ಲ. ಎದುರಿಗೆ ಕೂತ ಹುಡುಗರದ್ದೂ ಹೆಚ್ಚುಕಡಿಮೆ ಅದೇ ವಯಸ್ಸು.

ಆ ರಾತ್ರಿ ಬ್ರಿಟಿಷರು ಜರ್ಮನಿಯ ಕಲೋನ್ ಮೇಲೆ ಒಟ್ಟಿಗೆ ಸಾವಿರ ಬಾಂಬರ್ ಕಳಿಸಲು ಹಟ ಹಿಡಿದಿದ್ದರು. ಲೆಕ್ಕ ತುಂಬಿಸಲು ತರಬೇತಿ ಘಟಕಗಳ ವಿಮಾನಗಳನ್ನೂ ಗುಡಿಸಿ ತಂದರು. ಮ್ಯಾನ್ಸರ್ ಹಾರಿಸಿದ್ದು ಎರಡು ಎಂಜಿನ್‌ನ ಮ್ಯಾಂಚೆಸ್ಟರ್ ಬಾಂಬರ್. 7,000 ಅಡಿಯಿಂದ ಬಾಂಬ್ ಹಾಕಿ ತಿರುಗಿದ. ಸರ್ಚ್‌ಲೈಟ್ ಬಿಡಲಿಲ್ಲ, ತೋಪುಗಳೂ ಬಿಡಲಿಲ್ಲ. ತಪ್ಪಿಸಿಕೊಳ್ಳುತ್ತ ಸಾವಿರ ಅಡಿಗಿಂತ ಕೆಳಗಿಳಿದ, ಮತ್ತೆ 2,000 ಅಡಿಗೆ ಏರಿಸಿದ. ಅಷ್ಟರಲ್ಲಿ ಎಡ ಎಂಜಿನ್‌ಗೆ ಬೆಂಕಿ ಬಿತ್ತು. ಆರಿಸಲು ಹತ್ತು ನಿಮಿಷ ಹಿಡಿಯಿತು. ಬೆಂಕಿ ಆರಿದರೂ ಎಂಜಿನ್ ಮತ್ತೆ ಏಳಲಿಲ್ಲ, ವಿಮಾನ ಇಳಿಯುತ್ತಲೇ ಹೋಯಿತು. ಎಲ್ಲರಿಗೂ ಹಾರಲು ಹೇಳಿದ. ಸಾರ್ಜೆಂಟ್ ಒಬ್ಬ ಪ್ಯಾರಾಚೂಟ್ ಕೊಡಲು ಬಂದರೆ ಬೇಡವೆಂದು ಕೈಯಾಡಿಸಿ, ನೀನು ಬೇಗ ಹಾರು ಎಂದ. ಜೊತೆಗಿದ್ದ ಆರೂ ಜನ ಬದುಕಿದರು. ಒಬ್ಬ ಸೆರೆ ಸಿಕ್ಕ. ಐವರು ಶತ್ರುಗಳ ಕಣ್ಣು ತಪ್ಪಿಸಿ ಇಂಗ್ಲೆಂಡಿಗೆ ಮರಳಿ ನಡೆದದ್ದನ್ನೆಲ್ಲ ಹೇಳಿದರು. ಮ್ಯಾನ್ಸರ್‌ಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ಕೆಳಗೆ ಕಲೋನ್‌ನಲ್ಲಿ ಸತ್ತವರು 400ಕ್ಕೂ ಹೆಚ್ಚು. ಅದನ್ನೂ ಹೇಳಿಯೇ ಮುಂದೆ ಹೋಗುತ್ತೇನೆ.

ಇಲ್ಲಿಗೆ ನಿಲ್ಲಿಸಿದರೆ ಹುಡುಗರು ಚಪ್ಪಾಳೆ ಹೊಡೆಯುತ್ತಾರೆ. ಹೊಡೆಯಲಿ, ಅವನು ಅದಕ್ಕೆ ಯೋಗ್ಯ. ನಮ್ಮ ಕೆಲಸ ಮಾತ್ರ ಚಪ್ಪಾಳೆಯ ನಂತರ ಶುರು. "ಬಲ ಎಂಜಿನ್ ನಡೀತಾ ಇತ್ತಲ್ಲ, ಅದರಲ್ಲೇ ಯಾಕೆ ಬರೋಕೆ ಆಗಲಿಲ್ಲ?" ಅಂತ ಕೇಳುತ್ತೇನೆ.

ಬೋರ್ಡ್ ಮೇಲೆ ಮ್ಯಾಂಚೆಸ್ಟರ್‌ನ ವಲ್ಚರ್ ಎಂಜಿನ್ ಬರೆಯುತ್ತೇನೆ. 24 ಸಿಲಿಂಡರ್, ಆರಾರರ ನಾಲ್ಕು ಸಾಲು, ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಕ್ಸ್ ಅಕ್ಷರ. ನಾಲ್ಕಕ್ಕೂ ಸೇರಿ ಒಂದೇ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳ ಓಡಾಟವನ್ನು ತಿರುಗುವಿಕೆಯಾಗಿಸುವ ದಂಡ. ಬೇರಿಂಗ್ ಸುಡುತ್ತಿತ್ತು, ಪಿಸ್ಟನ್ನನ್ನು ಆ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿಯುತ್ತಿತ್ತು. ಬಾಳಿಕೆ ಬರಲೆಂದು ಶಕ್ತಿ ಇಳಿಸಿದರು. ಭಾರ ಹೊತ್ತ ವಿಮಾನಕ್ಕೆ ಒಂದೇ ಎಂಜಿನ್‌ನಲ್ಲಿ ಎತ್ತರ ಕಾಯ್ದುಕೊಳ್ಳುವುದು ಕಷ್ಟವಾಯಿತು. ಆ ರಾತ್ರಿ ಎಂಜಿನ್ ಕೆಟ್ಟಿದ್ದು ಶತ್ರುವಿನ ಗುಂಡಿನಿಂದ ಅಂತ ವಾದಿಸಬಹುದು, ಒಪ್ಪುತ್ತೇನೆ. ಆದರೆ ಉಳಿದ ಎಂಜಿನ್‌ಗೆ ತಾಕತ್ತು ಇರಬೇಕಾದ್ದೇ ಅಂಥ ಹೊತ್ತಿಗೆ. ಅದೇ ವಿನ್ಯಾಸಕ್ಕೆ ನಾಲ್ಕು ಮರ್ಲಿನ್ ಎಂಜಿನ್ ಕೂರಿಸಿದಾಗ ಹುಟ್ಟಿದ್ದು ಲ್ಯಾಂಕಾಸ್ಟರ್ ಬಾಂಬರ್. ಕಲೋನ್ ಮೇಲೆ ಆ ರಾತ್ರಿ ಅವೂ ಇದ್ದವು.

ನಮ್ಮ ಹ್ಯಾಂಗರ್‌ಗಳಲ್ಲಿ "ಕ್ಯಾಪ್ಟನ್ ಹೇಗೋ ಮ್ಯಾನೇಜ್ ಮಾಡಿದ್ರು" ಅನ್ನುವ ಮಾತು ಹೊಗಳಿಕೆಯಾಗಿ ಓಡಾಡುತ್ತದೆ. ನನ್ನ ಕಿವಿಗೆ ಅದು ಸ್ನ್ಯಾಗ್ ರಿಪೋರ್ಟ್, ಅಂದರೆ ವಿಮಾನದ ದೋಷದ ವರದಿ. ಮೇಲೆ ಒಬ್ಬ ಮ್ಯಾನೇಜ್ ಮಾಡಬೇಕಾಗಿ ಬಂತು ಅಂದರೆ ಕೆಳಗೆ ಏನೋ ಒಂದನ್ನು "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಬಿಟ್ಟಿರಬಹುದು, ಹೋಗಿ ನೋಡಬೇಕು.

ಒಮ್ಮೆ ಹಿಂದಿನ ಸಾಲಿನ ಹುಡುಗ ಕೇಳಿದ: "ಸರ್, ಯುದ್ಧದ ನಡುವೆ ವಿಮಾನ ನಿಲ್ಲಿಸ್ತೀವಿ ಅಂದ್ರೆ ಯಾರು ಕೇಳ್ತಾರೆ?"

ಒಳ್ಳೆಯ ಪ್ರಶ್ನೆ. ಕೇಳಿದ್ದರು ಅಂದೆ. 1941ರಲ್ಲೇ ಎಂಜಿನ್ ತೊಂದರೆಗೆ ಮ್ಯಾಂಚೆಸ್ಟರ್‌ಗಳನ್ನು ಒಂದಕ್ಕಿಂತ ಹೆಚ್ಚು ಸಲ ನೆಲದ ಮೇಲೆ ನಿಲ್ಲಿಸಿದ್ದರು. ಸರಿಪಡಿಸಿ ಮತ್ತೆ ಹಾರಿಸಿದರು. ಪೂರ್ತಿ ಯುದ್ಧದಿಂದ ತೆಗೆದದ್ದು 1942ರ ಜೂನ್ ಕೊನೆಗೆ, ಮ್ಯಾನ್ಸರ್ ಸತ್ತು ತಿಂಗಳಾಗುವ ಹೊತ್ತಿಗೆ. ಹುಡುಗ ಮತ್ತೇನೂ ಕೇಳಲಿಲ್ಲ. ಸ್ನ್ಯಾಗ್ ರಿಜಿಸ್ಟರ್ ಅವನ ಕೈಗೇ ಕೊಟ್ಟು, ಮುಂದೂಡಿ ಮುಂದೂಡಿ ಇಟ್ಟ ಎಂಟ್ರಿಗಳನ್ನೆಲ್ಲ ಗುರುತು ಹಾಕು ಅಂದೆ.