ಕೆಂಪು ಡ್ರಿಪ್‌ನ ಲೆಕ್ಕ ಬರೆದಿಡಿ

ಲಿಂಫೋಮಾಗೆ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಕೊಡುವ, ಹಲವು ಔಷಧಗಳು ಸೇರಿದ ಆರ್-ಚಾಪ್ ಕೀಮೊದಲ್ಲಿರುವ ಕೆಂಪು ಔಷಧ ಡಾಕ್ಸೊರುಬಿಸಿನ್. ಗಡ್ಡೆ ಕರಗಿಸುವ ಇದೇ ಔಷಧ ಹೃದಯದ ಸ್ನಾಯುಕೋಶಗಳನ್ನೂ ಕೊಲ್ಲುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದು ತೀರಾ ಕಡಿಮೆ. ಹಾಗಾಗಿ ಒಟ್ಟು ಡೋಸ್ ಮುಖ್ಯ. ಸಾಮಾನ್ಯವಾಗಿ ಒಂದು ಸುತ್ತಿಗೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 50 ಮಿ.ಗ್ರಾಂ, ಆರು ಸುತ್ತಿಗೆ 300. 400 ದಾಟಿದ ಮೇಲೆ ಹೃದಯ ವೈಫಲ್ಯದ ಅಪಾಯ ಬೇಗ ಏರುತ್ತದೆ. ಎದೆಗೆ ರೇಡಿಯೇಷನ್ ಆಗಿದ್ದರೆ, ಬಿಪಿ ಇದ್ದರೆ, ವಯಸ್ಸು 65 ಮೀರಿದ್ದರೆ ಅದಕ್ಕಿಂತ ಕಡಿಮೆ ಡೋಸ್‌ಗೂ ತೊಂದರೆ ಆಗಬಹುದು.

ಮೊದಲ ಕೀಮೊಗೆ ಮುನ್ನ ಎಕೋ (ಹೃದಯದ ಸ್ಕ್ಯಾನ್) ಆಗಲೇಬೇಕು. ಅದರಲ್ಲಿ ಬರುವ ಇಎಫ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಶೇಕಡಾ ಪ್ರಮಾಣ, ಹತ್ತು ಅಂಕಕ್ಕಿಂತ ಹೆಚ್ಚು ಇಳಿದು 50ರ ಕೆಳಗೆ ಬಂದರೆ ಹೃದ್ರೋಗ ತಜ್ಞರನ್ನು ಕಾಣಿ. ಕಿದ್ವಾಯಿಯಲ್ಲಿ ಕೀಮೊ, ಜಯದೇವದಲ್ಲಿ ಎಕೋ ಮಾಡಿಸುವವರು ಎರಡೂ ಫೈಲ್ ಒಟ್ಟಿಗೇ ಒಯ್ಯಿರಿ, ದಯವಿಟ್ಟು.

ಮನೆಯಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕಾಯಬೇಡಿ. ಪಾದದ ಊತವನ್ನು ಇದೇ ಕೀಮೊ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆಯದ್ದೆಂದು ತಳ್ಳಿಹಾಕುವುದೇ ದೊಡ್ಡ ತಪ್ಪು. ಕೀಮೊ ಮುಗಿದು ವರ್ಷಗಳಾದ ಮೇಲೂ ಹೃದಯ ವೈಫಲ್ಯ ಕಾಣಿಸಿಕೊಳ್ಳಬಹುದು.