ತಂಗಿಯ ಮಗಳ ಎಡಗಣ್ಣು

"ನಾನೇನು ಮಾಡಿದ್ದಕ್ಕೆ ಹೀಗಾಯ್ತು ಡಾಕ್ಟ್ರೇ?"

ಮೊನ್ನೆ ಕಣ್ಣಾಸ್ಪತ್ರೆಯಲ್ಲಿ ತಂಗಿ ಕೇಳಿದ ಈ ಮಾತು ಕಿವಿಯಿಂದ ಹೋಗುತ್ತಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳು ಎಂಬುದನ್ನು ಅವಳ ಅತ್ತೆ ಇವತ್ತಿಗೂ ಎತ್ತಿ ಆಡುತ್ತಾರೆ. ಕೆಟ್ಟವರಲ್ಲ, ಮೊಮ್ಮಗಳೆಂದರೆ ಪ್ರಾಣ. ಆದರೂ ಆ ಮಾತು ಕ್ರೂರವೇ.

ಡಾಕ್ಟರು ಟಾರ್ಚನ್ನು ಎಡಕ್ಕೆ ಸರಿಸಿದಾಗ ಮಗುವಿನ ಎಡಗಣ್ಣು ನಡುವಿನಲ್ಲೇ ನಿಂತುಬಿಟ್ಟಿತು. ಬಲಕ್ಕೆ ತಂದಾಗ ಹೊರಳಿತು, ಆದರೆ ಗುಡ್ಡೆ ಒಳಕ್ಕೆ ಸೇದಿಕೊಂಡು ರೆಪ್ಪೆ ಕಿರಿದಾಯಿತು. ಡ್ವೇನ್ ಸಿಂಡ್ರೋಮ್ ಅಂದರು. "ನೀವೇನೂ ಮಾಡಿಲ್ಲಮ್ಮ. ಒಂದು ನರ ತನ್ನ ಸ್ನಾಯುವಿಗೆ ಸೇರಲಿಲ್ಲ, ಆ ಜಾಗಕ್ಕೆ ಇನ್ನೊಂದರ ಕವಲು ಬಂದಿದೆ."

ಕಣ್ಣನ್ನು ಹೊರಕ್ಕೆ ಎಳೆಯುವ ಸ್ನಾಯುವಿಗೆ ಮಿದುಳಿನಿಂದ ಹೊರಡುವ ಆರನೇ ನರ ಬರಬೇಕು. ಇಲ್ಲಿ ಮೂರನೆಯದರ ಕವಲು ಬಂದಿದೆ. ಹಾಗಾಗಿ ಕಣ್ಣು ಒಳಕ್ಕೆ ತಿರುಗುವಾಗ ಎರಡೂ ಬದಿಯ ಸ್ನಾಯುಗಳು ಒಟ್ಟಿಗೇ ಎಳೆಯುತ್ತವೆ.

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಭ್ರೂಣದಲ್ಲಿ ಇಷ್ಟೊಂದು ನರಗಳು ಸರಿಯಾದ ಸ್ನಾಯುವನ್ನೇ ಸೇರುವುದಾದರೂ ಹೇಗೆ! 1980ರಲ್ಲಿ ವಿಜ್ಞಾನಿಗಳಾದ ಲಾನ್ಸ್-ಜೋನ್ಸ್ ಮತ್ತು ಲ್ಯಾಂಡ್‌ಮೆಸ್ಸರ್ ಕೋಳಿಯ ಭ್ರೂಣದಲ್ಲಿ ಬೆನ್ನುಹುರಿಯ ತುಂಡೊಂದನ್ನು ಹಿಂದುಮುಂದು ಮಾಡಿ ಕೂರಿಸಿದರು. ನರಗಳು ಬೇರೆ ದಾರಿ ಹಿಡಿದು ತಮ್ಮ ಸ್ನಾಯುಗಳನ್ನೇ ಸೇರಿದವು. ನರದ ತುದಿಯ ಮೇಲ್ಮೈಯಲ್ಲಿರುವ ಗ್ರಾಹಕಗಳು, ಅಂದರೆ ಸಂಕೇತ ಹಿಡಿಯುವ ಪ್ರೋಟೀನುಗಳು, ದಾರಿಯುದ್ದಕ್ಕೂ ಸುತ್ತಲಿನ ಜೀವಕೋಶಗಳನ್ನು ಮುಟ್ಟಿ ನೋಡುತ್ತಾ ಹೋಗುತ್ತವೆ. ಕಾಲಿನ ಬುಡದ ಕವಲಿನಲ್ಲಿ ಎಫ್‌ಎ4 ಎಂಬ ಗ್ರಾಹಕ ಹೆಚ್ಚಾಗಿರುವ ನರತಂತುಗಳಿಗೆ ಒಂದು ಬದಿಯ ಅಂಗಾಂಶದಲ್ಲಿರುವ ಎಫ್ರಿನ್ ಎಂಬ ಪ್ರೋಟೀನು ತಾಗುತ್ತದೆ, ಅವು ಹಿಮ್ಮೆಟ್ಟಿ ಇನ್ನೊಂದು ಬದಿಗೆ ಹೊರಳುತ್ತವೆ. ಇಲಿಯಲ್ಲಿ ಆ ಗ್ರಾಹಕವನ್ನು ತೆಗೆದರೆ ಒಂದಷ್ಟು ತಂತುಗಳು ದಾರಿ ತಪ್ಪುತ್ತವೆ. ಇಂಥ ಗ್ರಾಹಕಗಳ ಸಂದೇಶವನ್ನು ಜೀವಕೋಶದೊಳಗೆ ಸಾಗಿಸುವ ಒಂದು ಪ್ರೋಟೀನು ಅತಿಯಾಗಿ ಚುರುಕಾದರೆ ಡ್ವೇನ್ ಬರುತ್ತದೆಂದು 2008ರಲ್ಲಿ ಕೆಲವು ಕುಟುಂಬಗಳಲ್ಲಿ ಗೊತ್ತಾಯಿತು.

ಇದೆಲ್ಲ ನಡೆಯುವುದು ಬಸುರಿನ ಮೊದಲೆರಡು ತಿಂಗಳಲ್ಲಿ. ಆ ಗ್ರಹಣ ಬಂದಾಗ ತಂಗಿಗೆ ಏಳು ತುಂಬಿತ್ತು! ಅವಳ ಅತ್ತೆಗೆ ಕೂರಿಸಿಕೊಂಡು ಇದನ್ನೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಆಪರೇಷನ್ ಮಾಡಿಸಿದ್ರೆ ನರ ಬರುತ್ತಾ?" ಅಂದರು. ಬರುವುದಿಲ್ಲ. ಕತ್ತು ತೀರಾ ವಾಲಿಸಿ ನೋಡುವ ಮಕ್ಕಳಿಗೆ ಅದನ್ನು ನೇರ ಮಾಡಬಹುದು, ಅಷ್ಟೇ. ನಮ್ಮವಳು ಸ್ವಲ್ಪವೇ ಎಡಕ್ಕೆ ಮುಖ ತಿರುಗಿಸುತ್ತಾಳೆ. ದೃಷ್ಟಿ ಮಂದವಾಗದಂತೆ ಆಗಾಗ ತೋರಿಸುತ್ತಿರಬೇಕು. ಶಾಲೆಗೆ ಸೇರಿಸಿದಾಗ ಬೋರ್ಡು ಬಲಗಡೆ ಬರುವಂತೆ ಕ್ಲಾಸಿನ ಎಡಬದಿಯಲ್ಲಿ ಕೂರಿಸಿ ಎಂದು ಟೀಚರಿಗೆ ಹೇಳಬೇಕು.