ಸಂಚಿಗೊಂದು ಹುರಿ

ಕಸೂತಿ ಸಂಚಿ ಮುಗಿದು ಹದಿನೈದು ದಿನವಾಗಿತ್ತು. ಬಾಯಿ ಕಟ್ಟಲು ಲಾಡಿ ಮಾತ್ರ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು ಮಿರಮಿರ ಮಿಂಚುವ ನೈಲಾನ್ ಹಗ್ಗ. ಇಳಕಲ್ ಬಟ್ಟೆಗೆ ಅದು ಒಪ್ಪಲೇ ಇಲ್ಲ. ಸರಿ, ಉಳಿದ ಕಸೂತಿ ದಾರದಲ್ಲೇ ಹುರಿ ಹೊಸೆಯಲು ಕೂತೆ.

ಅರ್ಧ ಮೀಟರ್ ಹುರಿಗೆ ಒಂದೂವರೆ ಮೀಟರ್ ದಾರ ಬೇಕು. ಮಡಚಿದಾಗ ಅರ್ಧವಾಗುತ್ತದೆ, ತಿರುಚುವಾಗ ಇನ್ನಷ್ಟು ಗಿಡ್ಡವಾಗುತ್ತದೆ. ಆರೆಳೆಯ ದಾರ ನಾಲ್ಕು ತುಂಡು: ಎರಡು ಕೆಂಪು, ಎರಡು ಹಸಿರು. ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದಕ್ಕೆ ಪೆನ್ಸಿಲ್. ತಿರುಗಿಸುತ್ತಲೇ ಇರಬೇಕು. ಸ್ವಲ್ಪ ಸಡಿಲ ಬಿಟ್ಟರೆ ತಾನಾಗಿಯೇ ಸುರುಳಿ ಸುತ್ತಿಕೊಳ್ಳಬೇಕು, ಅಲ್ಲಿಯವರೆಗೆ. ಆಮೇಲೆ ನಡುವೆ ಒಂದು ಬೀಗ ನೇತುಹಾಕಿ, ಎಳೆದು ಹಿಡಿದೇ ಮಡಚಬೇಕು. ಬಿಟ್ಟ ಕೂಡಲೇ ಬೀಗ ಗಿರಗಿರ ತಿರುಗುತ್ತದೆ. ಎರಡೂ ಅರ್ಧಗಳು ಬಿಚ್ಚಿಕೊಳ್ಳಲು ಹೋಗಿ ಒಂದಕ್ಕೊಂದು ಉಲ್ಟಾ ಸುತ್ತಿಕೊಳ್ಳುತ್ತವೆ. ಬಿಡಿಸಿಕೊಳ್ಳುವ ಹಟವೇ ಅವನ್ನು ಗಟ್ಟಿಯಾಗಿ ಹಿಡಿದಿಡುವುದು. ವಿಚಿತ್ರ ಅಲ್ವಾ?

ಮೊದಲ ಸಲ ಫೋನ್ ಬಂತು ಅಂತ ಪೆನ್ಸಿಲ್ ಬಿಟ್ಟೆ. ದಾರವೆಲ್ಲ ಸಿಕ್ಕುಸಿಕ್ಕು, ಕತ್ತರಿಸಿ ಎಸೆದೆ. ಅಜ್ಜಿ ದೀಪದ ಬತ್ತಿ ಹೊಸೆಯುತ್ತಲೇ ಊರ ಸುದ್ದಿಯೆಲ್ಲ ಹೇಳುತ್ತಿದ್ದರು. ಕೈ ಕಡೆ ನೋಡಿದ್ದೇ ಇಲ್ಲ. ನನಗೆ ಒಂದು ಲಾಡಿಗೆ ಎರಡು ಕೈ, ಕಿಟಕಿ, ಬೀಗ, ಸುಮ್ನೆ ಇರುವ ಫೋನು, ಇಷ್ಟೆಲ್ಲ ಬೇಕು.

ಎರಡು ಬಣ್ಣ ಜೊತೆಯಲ್ಲೇ ತಿರುಚಿದ್ದಕ್ಕೆ ಹುರಿ ಚುಕ್ಕಿಚುಕ್ಕಿಯಾಗಿ ಬಂದಿದೆ. ಕೆಂಪು, ಹಸಿರನ್ನು ಮಧ್ಯಕ್ಕೆ ಕೊಂಡಿಯಂತೆ ಸೇರಿಸಿದ್ದರೆ ಚೆಂದದ ಪಟ್ಟೆ ಬರುತ್ತಿತ್ತು. ತುದಿಗೆ ಗೊಂಡೆ ಇನ್ನೂ ಬಾಕಿ. ಹಸಿರು ದಾರ ಖಾಲಿ.